ಒಂಬತ್ತನೆಯ ಚುಕ್ಕಿ

ಗೋಣಿಕೊಪ್ಪದ ಕಾಫಿ ಕಣದ ತೂಕದ ಕೋಣೆಯಲ್ಲಿ
ಮೊಯ್ದು ಗೆರೆ ಎಳೆಯುತ್ತಿದ್ದದ್ದು ಸ್ಕೇಲಿನಿಂದಲ್ಲ.
ಎಡಗೈ ಹೆಬ್ಬೆರಳು ಆಲ್ಟ್ ಕೀಲಿಯ ಮೇಲೆ ಒತ್ತಿ ಹಿಡಿದು
ಬಲಗೈಯಲ್ಲಿ ಒಂದು, ಒಂಬತ್ತು, ಆರು.
ಬಿಟ್ಟರೆ, ಕಪ್ಪು ಪರದೆಯಲ್ಲಿ ಅಕ್ಕಿಕಾಳಿನಷ್ಟು ಅಡ್ಡಗೆರೆ.
ಮತ್ತೆ ನೂರ ತೊಂಬತ್ತಾರು.
ಇನ್ನೊಂದು ಕಾಳು.

"ನಾಲ್ಕು ಮೂಲೆ ಬಾಯಿಪಾಠ ಮಾಡು" ಅಂದಿದ್ದ ನನಗೆ.
ಮೇಲೆ ಎಡಕ್ಕೆ ಇನ್ನೂರ ಹದಿನೆಂಟು, ಬಲಕ್ಕೆ ನೂರ ತೊಂಬತ್ತೊಂದು,
ಕೆಳಗೆ ನೂರ ತೊಂಬತ್ತೆರಡು, ಇನ್ನೂರ ಹದಿನೇಳು.
ಏರದ ಇಳಿಯದ ಮಗ್ಗಿ, ಯಾರು ಹೀಗೆ ಎಣಿಸಿದರೋ.
ಮೇಜಿನಂಚಿಗೆ ಬಾಲ್‌ಪೆನ್ನಲ್ಲಿ ಬರೆದು ಟೇಪು ಹಚ್ಚಿದ್ದ;
ಟೇಪಿನಡಿ ಹತ್ತು ಹಂಗಾಮಿನ ಧೂಳು.

ಇನ್ನೊಂದು ಗುಟ್ಟು ಹೇಳಿದ್ದು ಚಾ ಕುಡಿಯುವಾಗ.
ಪ್ರತಿ ಅಕ್ಷರಕ್ಕೂ ಎಂಟು ಚುಕ್ಕಿ ಅಗಲದ ಜಾಗ,
ಒಂಬತ್ತನೆಯದು ಖಾಲಿ, ಪಕ್ಕದವರಿಗೆ ತಾಗದಿರಲೆಂದು.
ಗೆರೆಗಳ ಸರದಿ ಬಂದಾಗ ಮಾತ್ರ
ಎಂಟನೆಯದನ್ನೇ ನಕಲು ಮಾಡಿ ಒಂಬತ್ತಕ್ಕೆ ಚಾಚುತ್ತದೆ ಯಂತ್ರ.
"ಇಲ್ಲದಿದ್ದರೆ ಅದು ಗೆರೆಯಲ್ಲ, ಬೇಲಿಗೂಟ."
ನಮ್ಮ ಹಳೆಯ ಕದಂಗಗಳನ್ನೂ ಹೀಗೇ ತೋಡಿರಬೇಕು,
ಒಬ್ಬನ ಗುದ್ದಲಿ ನಿಂತ ಕಡೆ ಒಂದು ಗೇಣು ಒಳಗಿನಿಂದ
ಮುಂದಿನವನು ಶುರು ಮಾಡಿ.

┌────────────┬──────┐
ಈ ಸೂರಿನಡಿ ಕೊಯ್ಲಿನವರ ಹೆಸರು, ಕಿಲೋ.
ಇಂಗ್ಲಿಷಿನಲ್ಲಿ ಹತ್ತೇ ಅಕ್ಷರ, ಆಮೇಲೆ ಗೋಡೆ.
ಚೋಮಿ ಹಿಡಿದಳು, ಬೊಳಕ ಕಾಲು ಚಾಚಿ ಮಲಗಿದ.
ಮುತ್ತುಲಕ್ಷ್ಮಿಯ ಕೊನೆಯ "ಮಿ" ಮಾತ್ರ
ಹನ್ನೊಂದು ವರ್ಷ ಹೊರಗೇ ನಿಂತಿತ್ತು.

ಮೊಯ್ದುವಿನ ಕಣ್ಣು ಸೋತಿತು. ಹೊಸ ಕಂಪ್ಯೂಟರ್ ಬಂತು.
ರೈಟರ್ ಚಿಟ್ಟಿಯಪ್ಪ ಹಳೆಯ ಕಡತ ತೆರೆದರೆ ಸೂರೂ ಇಲ್ಲ ಗೋಡೆಯೂ ಇಲ್ಲ,
ತಲೆಯ ಮೇಲೆ ಎರಡೆರಡು ಚುಕ್ಕಿ ಹೊತ್ತವರು ಸಾಲಾಗಿ ಬಾಯಿಬಿಟ್ಟು
ÄÄÄÄÄÄÄÄÄÄÄÄ
"ವೈರಸ್ಸು" ಅಂದರು ರೈಟರು.
ನುಡಿ ಅಕ್ಷರಕ್ಕೆ ಬದಲಿಸಿದರು. ಇನ್ನೂ ಚೆಂದವಾಯಿತು.
ನುಡಿಯಲ್ಲಿ ನೂರ ತೊಂಬತ್ತಾರು ಎಂದರೆ ಕೊಂಬು.
ಹಿಡಿಯುವ ವ್ಯಂಜನವಿಲ್ಲದೆ ಕೊಂಬಿನ ಹಿಂದೆ ಕೊಂಬು,
ಯಾರ ಮದುವೆಗೆ ಹೊರಟ ವಾಲಗವೋ!
ನೂರ ತೊಂಬತ್ತೆರಡು ಅಲ್ಲಿ ತಲೆಕಟ್ಟು:
ಒಬ್ಬರ ಲೆಕ್ಕದಲ್ಲಿ ನೆಲಕ್ಕೆ ಕೂತ ಮೂಲೆ
ಇನ್ನೊಬ್ಬರ ಲೆಕ್ಕದಲ್ಲಿ ಕಕಾರದ ಮಂಡೆತುಣಿ.
ನಾನು ನಕ್ಕೆ. ರೈಟರು ನಗಲಿಲ್ಲ.
ಕಡತದಲ್ಲಿ ಒಂದು ಸಂಖ್ಯೆಯೂ ಅಲುಗಿರಲಿಲ್ಲ,
ಮೊಯ್ದು ಒತ್ತಿದ್ದು ಒತ್ತಿದಲ್ಲೇ ಇತ್ತು.

ಈಗ ಜಗತ್ತಿಗೆಲ್ಲ ಒಂದೇ ಪಟ್ಟಿ, ಯುನಿಕೋಡು.
ಗೆರೆಗಳಿಗೆ ಅದರಲ್ಲಿ ನೂರ ಇಪ್ಪತ್ತೆಂಟು ಸೈಟು:
ಜೋಡಿಗೆರೆ, ದಪ್ಪಗೆರೆ, ತುಂಡುಗೆರೆ, ದುಂಡುಮೂಲೆ.
ಕನ್ನಡಕ್ಕೂ ಅಷ್ಟೇ, ನೂರ ಇಪ್ಪತ್ತೆಂಟು,
ಬೇರೆ ಬೀದಿ. ಯಾರೂ ಯಾರ ಮನೆಗೆ ನುಗ್ಗುವಂತಿಲ್ಲ.
ಎರಡು ರಾತ್ರಿ ಕೂತು ಹಳೆಯ ಸಂಖ್ಯೆಗಳನ್ನೆಲ್ಲ ಹೊಸ ವಿಳಾಸಕ್ಕೆ ಕಳಿಸಿದೆ.
ಗೋಡೆಗಳು ಎದ್ದವು.

ಹಾಗಾದರೆ ಹೆಸರು ಕನ್ನಡದಲ್ಲೇ ಇರಲಿ ಅನ್ನಿಸಿತು.
ಅಲ್ಲೇ ಎಡವಟ್ಟು.
ನಮ್ಮ ಅಕ್ಷರಗಳು ಒಂದೇ ಅಳತೆಯವಲ್ಲ,
"ರ" ಬಡಕಲು, "ಮ" ಮೈತುಂಬಿದವಳು,
"ಕ್ಷ್ಮಿ" ಅಂತೂ ಹೆಗಲ ಮೇಲೆ ಮಗು, ಕಾಲಿಗೊಂದು ಮಗು.
ಒಂದು ಖಾಲಿಜಾಗ ತೆಗೆದರೆ ಗೋಡೆ ಒಳಗೆ ಬೀಳುತ್ತದೆ,
ಸೇರಿಸಿದರೆ ಹೊರಗೆ ಉಬ್ಬುತ್ತದೆ.
"ಗೆರೆ ನೆಟ್ಟಗಿರಲಿ" ಅಂದರು ರೈಟರು, ಬಾಗಿಲಲ್ಲಿ ನಿಂತು.
ಬಲಗಡೆಯ ಗೆರೆಯನ್ನೇ ಅಳಿಸಿ ಮುದ್ರಿಸಿದೆ,
ಕಾಗದಕ್ಕೆ ಸ್ಕೇಲಿಟ್ಟು ಪೆನ್ನಲ್ಲಿ ಎಳೆದೆ.

ಶನಿವಾರ ಬಟವಾಡೆ. ಮುತ್ತುಲಕ್ಷ್ಮಿಗೆ ತೋರಿಸಿದೆ:
"ನೋಡಿ, ನಿಮ್ಮ ಹೆಸರು. ಪೂರ್ತಿ."
ಅವಳ ಬೆರಳು ಹೆಸರು ದಾಟಿ, ಗೆರೆ ದಾಟಿ
ಪಕ್ಕದ ಮನೆಯಲ್ಲಿ ನಿಂತಿತು.
"ಎಪ್ಪತ್ತೆರಡಲ್ಲ" ಅಂದಳು,
"ಎಪ್ಪತ್ನಾಲ್ಕು."