ಏಳು

ಜಾಬ್ರಿಯಾದಲ್ಲಿ ಬೆಳಿಗ್ಗೆ ಎಂಟಕ್ಕೇ ನಲವತ್ತು ಡಿಗ್ರಿ.
ನೆಲಮಾಳಿಗೆಯಲ್ಲಿ ಮಾತ್ರ ವರ್ಷವಿಡೀ ಇಪ್ಪತ್ತೆರಡು,
ಒಳಗಿರುವವರ ಹಿತಕ್ಕೆ. ಒಳಗಿರುವವರು ಅಂದರೆ
ಇನ್ನೂರ ಹದಿನಾರು ಕರಿ ಚಿಟ್ಟಿಲಿಗಳು,
ಪಂಜರ ತೊಳೆಯುವ ಅನಿಸುರ್, ಮತ್ತೆ ನಾನು.
ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರಲ್ಲ,
ಈ ಊರಲ್ಲಿ ಅಗೆಯಲಿಕ್ಕೆ ಬೆಟ್ಟವಿಲ್ಲ.
ಇಲಿ ವಿಮಾನದಲ್ಲಿ ಬರುತ್ತದೆ, ನನ್ನ ಹಾಗೆ,
ಕಾಗದಪತ್ರ ಸಮೇತ.

ಡಾಕ್ಟರ್ ಹೈಫಾ ಹುಡುಕುವುದು
ಸದ್ದು ತಟ್ಟಿದಾಗ ಮೆದುಳಲ್ಲಿ ಯಾರು ಮೊದಲು ತಲೆಯೆತ್ತುತ್ತಾರೆ ಎಂದು.
ಅದಕ್ಕೆ ಕೂದಲಿಗಿಂತ ಸಪೂರದ ತಂತಿ,
ತಂತಿಗೆ ಬುರುಡೆಯಲ್ಲಿ ಸಾಸಿವೆಯಷ್ಟು ಕಿಟಕಿ.
ಕಿಟಕಿ ಕೊರೆಯುವಾಗ ಯಾವ ನಿದ್ದೆ?

ಯುರೆಥೇನ್ ಆದರೆ ಗೆರೆ ಚಂದ ಬರುತ್ತದೆ,
ಗಂಟೆಗಟ್ಟಲೆ ಅಲುಗದ ನಿದ್ದೆ.
ಅದರಿಂದ ಯಾರನ್ನೂ ಎಬ್ಬಿಸುವಂತಿಲ್ಲ.
ಕೆಟಮಿನ್‌ಗೆ ಎರಡು ಬೀಗ, ಎರಡು ಸಹಿ, ಹಸಿರು ರಿಜಿಸ್ಟರು;
ಅಳತೆ ಚೂರು ತಪ್ಪಿದರೆ ಉಸಿರು ತನ್ನ ಕೆಲಸ ಮರೆಯುತ್ತದೆ.
ಐಸೊಫ್ಲುರೇನ್ ಹಗುರ. ಕೊಳವೆ ತೆಗೆದ ಐದು ನಿಮಿಷಕ್ಕೆ ಎಚ್ಚರ.
ಆದರೂ ಪೆಟ್ಟಿಗೆಗೆ ಆವಿ ನುಗ್ಗುವಾಗ
ಮೂಲೆಗೆ ಒತ್ತಿಕೊಂಡು ಮೂಗು ಉಜ್ಜುವುದನ್ನು ನೋಡಿದ್ದೇನೆ,
ಎರಡೂ ಕೈಯಲ್ಲಿ.
ರಿಜಿಸ್ಟರಿನಲ್ಲಿ ಮುಂಗಾಲು ಎಂದು ಬರೆಯಬೇಕು.

‘ಅದರಲ್ಲಿ ಸದ್ದು ಒಳಗೆ ಮುಟ್ಟುವುದೇ ಇಲ್ಲ, ಸೆವರಿನ್.
ಯುರೆಥೇನೇ ಇರಲಿ. ಹೇಗೂ ಕೊನೆಗೆ…’
ಅಂದು ಅವರೇ ನಿಲ್ಲಿಸಿದರು.

ಹೋದ ವರ್ಷ ಹರ್ನಿಯಾಕ್ಕೆ
ಇದೇ ರಸ್ತೆಯ ಆಸ್ಪತ್ರೆಯಲ್ಲಿ ನಾನೂ ಮಲಗಿದ್ದೆ.
ಮೂಗಿಗೆ ರಬ್ಬರು ಒತ್ತಿದವ ಹತ್ತರಿಂದ ಹಿಂದಕ್ಕೆ ಎಣಿಸು ಅಂದ.
ಮನೆಮಾತು ಕೊಂಕಣಿ, ಪ್ರಾರ್ಥನೆಯೂ ಅದರಲ್ಲೇ;
ಲೆಕ್ಕ ಮಾತ್ರ ಶಿರ್ವದ ಶಾಲೆಯ ಕನ್ನಡದಲ್ಲಿ.
ಹತ್ತು, ಒಂಬತ್ತು, ಎಂಟು, ಏಳು.
ಏಳು ಅನ್ನುತ್ತಲೇ ಮುಳುಗಿದೆ.

ಅರಿವಳಿಕೆ ಅನ್ನುತ್ತೇವೆ ನಾವು.
ಅಳಿದದ್ದು ಅರಿವೋ, ನೋವೋ,
ನೋಯುತ್ತಿದೆ ಎನ್ನುವ ಬಾಯಿಯೋ?
ಇಕ್ಕಳದಲ್ಲಿ ಬೆರಳು ಚಿವುಟಿ ನೋಡುವ ನನಗೆ ಗೊತ್ತಿರುವುದು ಇಷ್ಟೇ:
ಕಾಲು ಎಳೆದುಕೊಳ್ಳಲಿಲ್ಲ.

ಗುರುವಾರ ಬಾಯಿ ಬಿಟ್ಟು ಕೇಳಿದೆ.
ತಂತಿ ಕೂರಿಸುವಷ್ಟು ಹೊತ್ತು ಮಾತ್ರ ಮಲಗಿಸೋಣ,
ನೋವಿನ ಸೂಜಿ ಮೊದಲೇ ಕೊಟ್ಟು.
ಗಾಯ ಮಾಯಲಿ. ಆಮೇಲೆ ಎಚ್ಚರವಿದ್ದೇ ಕೇಳಲಿ ನಿಮ್ಮ ಸದ್ದು.
‘ಅಲುಗುತ್ತದೆ.’
ರೂಢಿ ಮಾಡಿಸುತ್ತೇನೆ.
‘ಎಷ್ಟು ದಿನ?’
ಹನ್ನೆರಡು.
ಕಿಟಕಿಯಾಚೆ ಧೂಳೆದ್ದು ಎದುರಿನ ಮಸೀದಿ ಕಾಣದಾಗಿತ್ತು.
ಬಹಳ ಹೊತ್ತು ಕನ್ನಡಕ ಒರೆಸಿದರು.
ಹನ್ನೆರಡು ಇಲಿಗಳಲ್ಲಿ ಆರಕ್ಕೆ ಒಪ್ಪಿದರು,
ಉಳಿದ ಆರಕ್ಕೆ ಹಳೆಯ ದಾರಿ.
ಯಾವ ಆರು, ನೀನೇ ಆರಿಸು ಅಂದರು.

ಆರು.
ಅವತ್ತು ಆ ಮಂಚದ ಮೇಲೆ
ನನ್ನ ಎಣಿಕೆ ಮುಟ್ಟದೆ ಹೋದ ಅಂಕಿ.

ನನ್ನಿಂದ ಆಗಲಿಲ್ಲ. ಪಂಜರದ ಚೀಟಿಗಳನ್ನು
ಅನಿಸುರನ ಟೋಪಿಗೆ ಹಾಕಿದೆ,
ಅವನು ಕಣ್ಣು ಮುಚ್ಚಿ ಎತ್ತಿದ.
ಟೋಪಿಯಲ್ಲೇ ಉಳಿದವನ್ನು
ಇಬ್ಬರೂ ಓದಲಿಲ್ಲ, ಭಾನುವಾರದ ತನಕ.

ಭಾನುವಾರ. ನಲವತ್ತೊಂದನೇ ಪಂಜರದ್ದು ಮೊದಲು.
ಆವಿಯನ್ನು ನಿಧಾನ ಬಿಟ್ಟೆ, ಬಹಳ ನಿಧಾನ.
ತೆರೆದೇ ಇದ್ದ ಕಣ್ಣಿಗೆ ಮುಲಾಮು,
ಹೊಟ್ಟೆಯಡಿ ಬೆಚ್ಚನೆ ಹಾಸು.
ಕೊಳವೆ ತೆಗೆದ ಮೇಲೆ
ಕಿರುಬೆರಳಿಗೆ ಖರ್ಜೂರದ ಪಾಕ ಹಚ್ಚಿ ಅದರ ಮುಂದೆ ಹಿಡಿದೆ.

ಏಳು, ಅಂದೆ.
ಅನಿಸುರ್ ಪಕ್ಕದಿಂದ ಕೇಳಿದ, ಏನು ಎಣಿಸುತ್ತಿದ್ದೀಯ?
ಮೀಸೆ ಅಲುಗಿತು. ಇನ್ನೊಮ್ಮೆ ಅಂದೆ.