ಪಿ.ಪಿ. ಕಾಲ್

ಮೊಣಕಾಲು ಎದೆಗೆ ತಂದುಕೊಳ್ಳಿ ಎಂದರು.
ತಂದುಕೊಂಡೆ.
ಗದ್ದ ಒಳಗೆ. ಇನ್ನೂ ಒಳಗೆ.
ಅರವತ್ತೇಳು ವರ್ಷದ ಹೆಂಗಸು
ಒಂದು ಅಲ್ಪವಿರಾಮವಾಗಿ ಮಲಗಿದೆ.
ದುರ್ಗಿಗುಡಿ, ಆಸ್ಪತ್ರೆಯ ಎರಡನೇ ಮಹಡಿ,
ಗೋಡೆಯಲ್ಲಿ ಹೋದ ತಿಂಗಳ ಹಾಳೆ.
ತಿರುವಿ ಹಾಕಮ್ಮ ಎಂದು ನಾನೇ ನರ್ಸಿಗೆ ಹೇಳಿದೆ.

ಮೂರನೇ ಮಣಿಯ ಕೆಳಗೆ, ನಾಲ್ಕನೆಯದರ ಮೇಲೆ
ಜಪಸರ ಎಣಿಸುವ ಹಾಗೆ ಬೆರಳಿಟ್ಟರು ಡಾಕ್ಟರು.
ಸ್ವಲ್ಪ ಚುರುಕ್ ಅನ್ನುತ್ತೆ.
ಅಂದಿತು.

ಆಮೇಲೆ ಹನಿ.
ನೀರೇ. ನೀರಿಗಿಂತ ತಿಳಿ.
ಮಿದುಳು ಮುಳುಗಿ ಕೂತಿರುವುದು ಇದರಲ್ಲಂತೆ,
ಬೆನ್ನಿಗಿಳಿದು ಮತ್ತೆ ಮೇಲೇರುತ್ತದಂತೆ.
ಗಾಜು ಬೇಡ, ಗಾಜಿಗೆ ಪ್ರೋಟೀನು ಅಂಟಿಕೊಳ್ಳುತ್ತೆ ಎಂದು
ಪ್ಲಾಸ್ಟಿಕ್ಕಿನ ನಳಿಕೆ ಹಿಡಿದರು.
ನಾನು ಹನಿ ಎಣಿಸುತ್ತಿದ್ದೆ.

ಎಣಿಸುವುದು ಹಳೇ ಕಸುಬು.
ಶಿವಮೊಗ್ಗ ಎಕ್ಸ್‌ಚೇಂಜು, ಟ್ರಂಕ್ ಬೋರ್ಡು,
ಐದನೇ ಕುರ್ಚಿ ಫಿಲೋಮಿನಾ, ಆರನೆಯದು ಕಮರುನ್ನೀಸಾ.
ಹೆಸರು ಹೇಳಿದರೆ ನಂಬರು ನಾಲಿಗೆಯಲ್ಲಿ:
ಗಾಂಧಿ ಬಜಾರಿನ ಕಬ್ಬಿಣದಂಗಡಿ, ಹೊಳೆಯಾಚೆಯ ಗಿರಣಿ,
ಹೆರಿಗೆ ಡಾಕ್ಟರಮ್ಮನ ಮನೆ, ಅವರು ಮನೆಯಲ್ಲಿಲ್ಲದಿದ್ದರೆ ಅವರ ತಂಗಿಯ ಮನೆ.
ಡೈರೆಕ್ಟರಿ ತೆರೆದರೆ ಮಾನ ಹೋದ ಹಾಗೆ.

ಮೊನ್ನೆ ಸಿಟಿ ಬಸ್ಸಿನಲ್ಲಿ
ಇಳಿಯುವ ಸ್ಟಾಪಿನ ಹೆಸರು ಬರಲಿಲ್ಲ.
ವಿನೋಬನಗರ. ನಾನಿರುವುದೇ ಅಲ್ಲಿ.
ಕಂಡಕ್ಟರ್ ಹುಡುಗ ಕಾದ, ಸೀಟಿ ತುಟಿಯಲ್ಲಿಟ್ಟುಕೊಂಡು.
ಹೀಗೆ ಮೂರು ಸಲ.
ನಾಲ್ಕನೆಯದನ್ನು ಯಾರಿಗೂ ಹೇಳಿಲ್ಲ.

ಲಘು ಎಂದು ಬರೆದರು ಚೀಟಿಯಲ್ಲಿ. ಲಘು ಮರೆವು.
ಲಘುವಿನ ಮುಂದೆ ಒತ್ತಕ್ಷರ ಬಂದರೆ ಗುರುವಾಗುತ್ತದೆಂದು
ಮೇಷ್ಟ್ರು ಗೆರೆ ಹಾಕಿಸಿ ಕಲಿಸಿದ್ದರು.
ನನ್ನ ಮುಂದಿನ ಅಕ್ಷರ ಯಾವುದೆಂದು ನೋಡಲು
ಈ ಸೂಜಿ.

ಒಂದು ಪ್ರೋಟೀನು ನೀರಿನಲ್ಲಿ ಕಡಿಮೆಯಾದರೆ ಕೆಟ್ಟದ್ದು:
ಮೇಲೆಯೇ ಗಡ್ಡೆಕಟ್ಟಿ ಕೂತಿದೆ, ಇಳಿಯುತ್ತಿಲ್ಲ.
ಇನ್ನೊಂದು ಹೆಚ್ಚಾದರೆ ಕೆಟ್ಟದ್ದು:
ಒಳಗೆ ಏನೋ ಸವೆದು ಚೂರಾಗುತ್ತಿದೆ.
ಅರ್ಥವಾಯಿತಾ ಎಂದರು.
ಆಗದೆ ಏನು? ಆಗುಂಬೆ ಲೈನಲ್ಲವೇ ಇದು!
ಮಾತು ಕೇಳದಿದ್ದರೆ ಆಡುವವರಿಲ್ಲ ಎಂದಲ್ಲ,
ನಡುವೆ ಎಲ್ಲೋ ಮರ ಒರಗಿದೆ.
ಗರಗರ ಹೆಚ್ಚಿದರೆ ತಂತಿ ಹರಿಯುತ್ತಿದೆ.

ನಳಿಕೆಗಳು ಐಸಿನ ಪೆಟ್ಟಿಗೆಯಲ್ಲಿ ರಾತ್ರಿ ರೈಲಿಗೆ ಹೋದವು.
ನಾನು ತಲೆಯೆತ್ತದೆ ಮಲಗಿದ್ದೆ.
ಕಮರು ಪಕ್ಕದ ಸ್ಟೂಲಿನಲ್ಲಿ,
ಮತ್ತೆ ಆರನೇ ಕುರ್ಚಿ.
ಗಿರಣಿ ನಂಬರು ಹೇಳು ನೋಡೋಣ, ಎಂದಳು.
ಹೇಳಿದೆ.
ಸರಿಯೋ ತಪ್ಪೋ, ಅವಳಿಗೂ ಮರೆತಿತ್ತು.

ಇಪ್ಪತ್ತು ದಿನಕ್ಕೆ ಬಂತು ಕಾಗದ.
ಒಂದು ಗೆರೆಗಿಂತ ಕೆಳಗೆ.
ಇನ್ನೊಂದು ಗೆರೆಯ ಮೇಲೆಯೇ ಕಾಲೂರಿ ನಿಂತಿದೆ,
ಸ್ಟಾಪ್ ಬಂದರೂ ಇಳಿಯಲೋ ಬೇಡವೋ ಎನ್ನುವ ಹಾಗೆ.
ಆಗಬಹುದು, ಎಂದರು ಡಾಕ್ಟರು. ಯಾವಾಗ ಎಂದು ಇದು ಹೇಳುವುದಿಲ್ಲ.
ಆರು ತಿಂಗಳು ಬಿಟ್ಟು ಬನ್ನಿ.

ಪಿ.ಪಿ. ಕಾಲ್ ಎಂದು ಇತ್ತು ಆಗ:
ಯಾರೋ ಎತ್ತಿದರೆ ಸಾಲದು,
ಹೆಸರಿದ್ದವರೇ ಬರಬೇಕು.
ಹಿತ್ತಿಲಲ್ಲಿದ್ದಾರೆ, ಕರೀತೇವೆ ಇರಿ, ಅನ್ನುತ್ತಿದ್ದರು.
ಆ ಮನೆಯ ಕುಕ್ಕರ್ ಕೂಗು, ಮಗುವಿನ ರಂಪ ಕೇಳುತ್ತ
ಲೈನು ಹಿಡಿದು ಕಾಯುತ್ತಿದ್ದೆವು.
ಅವರು ಬಂದ ಮೇಲೇ ನಿಮಿಷದ ಲೆಕ್ಕ.

ಕಮರೂ, ಎಂದೆ ಮೆಟ್ಟಿಲಿಳಿಯುತ್ತ,
ಮುಂದೊಂದು ದಿನ ನೀನು ಫೋನು ಮಾಡಿದಾಗ
ದನಿ ನನ್ನದೇ ಇದ್ದರೂ, ಯಾರು ನೀವು ಎಂದರೆ
ಪಿ.ಪಿ. ಬುಕ್ ಮಾಡು.
ಹಿತ್ತಿಲಲ್ಲಿದ್ದಾಳೆ ಅಂದುಕೋ.
ಇಡಬೇಡ.

ಅವಳು ರಿಪೋರ್ಟನ್ನು ನಾಲ್ಕಾಗಿ ಮಡಿಸಿ
ತನ್ನ ಬ್ಯಾಗಿಗೆ ಹಾಕಿಕೊಂಡಳು.
ಬಿಲ್ಲು ಯಾರ ಹೆಸರಿಗೆ? ಎಂದಳು.