ಗುಲಗಂಜಿ ಲೆಕ್ಕ

ಎಲ್ಕೋ ಊರು. ರೈಲುಹಳಿಯ ಪಕ್ಕದ ಅಂಗಡಿ.
ಗಾಜಿನ ಕೆಳಗೆ ಹಸಿರು ಬಟ್ಟೆ, ಬಟ್ಟೆಯ ಮೇಲೆ
ಏಳು ರಿವಾಲ್ವರು, ಎಲ್ಲವೂ ದೊಡ್ಡ ಮೈಕಟ್ಟಿನವು,
ಉಂಡು ಮಲಗಿದ ಹೋರಿಗಳ ಹಾಗೆ.

"ಇನ್ನೊಂದಾ?" ಅಂದ ಬೆನ್ಯಾಟ್ ಉಗಾಲ್ಡೆ.
ಇನ್ನೊಂದೇ, ಅಂದೆ.
ಮನೆಯಲ್ಲಿರುವ ನಲವತ್ನಾಲ್ಕು ಮ್ಯಾಗ್ನಮ್‌ಗೆ ರೋಗವೇನಿಲ್ಲ.
ರೋಗ ನನ್ನದು:
ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ,
ಪೆಟ್ಟು ಬೀಳುವ ಮುಂಚೆಯೇ ಅಳುವ ಹುಡುಗನ ಥರ.

ನಾವು ಅಕ್ಕಸಾಲಿಗರು. ನಮ್ಮಪ್ಪ ಸುರಪುರದಲ್ಲಿ
ಗುಲಗಂಜಿ ಇಟ್ಟು ಮೂಗುತಿ ತೂಗುತ್ತಿದ್ದ.
ನಾನಿಲ್ಲಿ ಗಣಿಯ ಪರೀಕ್ಷಾಲಯದಲ್ಲಿ
ಒಂದು ಲಾರಿ ಕಲ್ಲಿಗೆ ಎಷ್ಟು ಗುಲಗಂಜಿ ಚಿನ್ನವೆಂದು
ಬರೆದು ಸಹಿ ಹಾಕುತ್ತೇನೆ.
ಹಾಗಾಗಿ ವಸ್ತು ಯಾವುದೇ ಇರಲಿ,
ಮೊದಲು ಅಂಗೈ, ಆಮೇಲೆ ಮಾತು.

ಎಂಟು ಗುಂಡಿನ ಮುನ್ನೂರೈವತ್ತೇಳು:
ದೊಡ್ಡ ಮನೆಯಲ್ಲಿ ಬಾಡಿಗೆಗಿರುವ ಸಣ್ಣ ಸಂಸಾರ.
ಗುಂಡು ಅಗ್ಗ, ಒದೆತ ಕಡಿಮೆ,
ಆದರೆ ದನಿ ಚಾಕುವಿನದು, ಕಿವಿಯೊಳಗೆ ಗೆರೆ ಎಳೆಯುತ್ತದೆ.
ನಲವತ್ತೊಂದು: ಒಳ್ಳೆಯ ಜಾತಕ, ಬಂಧುಬಳಗವೇ ಇಲ್ಲ.
ಒಂದು ಡಬ್ಬಿ ಗುಂಡಿಗೆ ರೀನೋದವರೆಗೆ ಹೋಗಬೇಕು.
ನಾನೂರೈವತ್ನಾಲ್ಕನ್ನು ಎತ್ತಿ, ಹಣೆಗೊತ್ತಿಕೊಳ್ಳುವುದೊಂದು ಬಾಕಿ,
ಹಾಗೇ ಕೆಳಗಿಟ್ಟೆ.
ಕರಡಿಗೆ ಹೇಳಬೇಕಾದ ಮಾತನ್ನು
ಕಬ್ಬಿಣದ ತಟ್ಟೆಗೆ ಯಾಕೆ ಹೇಳಲಿ?

ಮೂಲೆಯಲ್ಲಿದ್ದದ್ದು ಯಾರೋ ಬಿಟ್ಟುಕೊಟ್ಟದ್ದು,
ನಲವತ್ತೈದು ಕೋಲ್ಟ್.
ಚರ್ಮದ ಒರೆಯಲ್ಲಿ ಹೋಗಿ ಬಂದು, ಹೋಗಿ ಬಂದು
ನಳಿಗೆಯ ತುದಿಯ ನೀಲಿ ಸವೆದು ಬೆಳ್ಳಗಾಗಿದೆ.
ಒರೆಯೇ ಒರೆಗಲ್ಲಾಗಿದೆ.
ತಿರುಗುಣಿ ಹೊರಳಿಸಿ ಆರೂ ತೂತಿನಲ್ಲಿ ಬೆಳಕು ನೋಡಿದೆ.
ಮೂರು ಪೌಂಡಿಗೆ ಎರಡು ಗುಲಗಂಜಿ ಕಮ್ಮಿ ಅನ್ನಿಸಿತು.
"ಇದು ಒದೆಯುವುದಿಲ್ಲ, ನೂಕುತ್ತದೆ" ಅಂದ ಬೆನ್ಯಾಟ್.
ಗೊತ್ತು ಅಂದೆ. ಬಸ್ಸಿನಲ್ಲಿ
"ಚೂರು ಮುಂದ ಹೋಗ್ರೀ" ಅನ್ನುವವರು ನೂಕಿದ ಹಾಗೆ.

ಒಂಬೈನೂರು ಅಂದ. ಎಂಟುನೂರಾ ನಲವತ್ತು ಅಂದೆ. ಗಡ್ಡ ಕೆರೆದುಕೊಂಡ.
ಎಂಟುನೂರಾ ಎಪ್ಪತ್ತು, ಜೊತೆಗೆ ಒಂದು ಚೀಲ ಖಾಲಿ ಹಿತ್ತಾಳೆ.
ಆಮೇಲೆ ಫಾರಮು, ಫೋನು, ಕಾಯುವಿಕೆ.
ನಾನು ಒಳ್ಳೆಯವನೋ ಅಲ್ಲವೋ ಎಂದು ಯಾರೋ ಎಲ್ಲೋ
ಒಂದೊಂದೇ ಅಕ್ಷರ ಓದಿ ನೋಡುತ್ತಿದ್ದಾರೆ.
"ಮೌನೇಶ ಅಂದರೆ ಅರ್ಥವೇನು?"
ಮೌನದ ಒಡೆಯ, ಅಂದೆ.
ಎದುರಿನ ಗಾಜು ನಡುಗುವಷ್ಟು ನಕ್ಕ,
ಕಿವಿಗೆ ತುರುಕುವ ಹತ್ತಿಯನ್ನು ಪುಕ್ಕಟೆ ಕೊಟ್ಟ.

ರಾತ್ರಿ ಅಡುಗೆಮನೆಯಲ್ಲಿ, ಎಲ್ಲ ಮಲಗಿದ ಮೇಲೆ,
ಹಿತ್ತಾಳೆ ಕೊಳವೆಗೆ ಮದ್ದು ತುಂಬಿದೆ.
ಎಷ್ಟು ಗುಲಗಂಜಿ ಎಂದು ಹೇಳುವುದಿಲ್ಲ.
ನಮ್ಮಪ್ಪನೂ ಬೆಸುಗೆಯ ಲೆಕ್ಕ ಯಾರಿಗೂ ಹೇಳಿದವನಲ್ಲ.

ಶನಿವಾರ. ಸೇಜ್ ಪೊದೆಗಳ ಬಯಲು,
ರೂಬಿ ಬೆಟ್ಟದ ನೆತ್ತಿಗೆ ಇನ್ನೂ ಹಿಮ.
ನೂರು ಗಜದಾಚೆ ಸರಪಳಿಯಲ್ಲಿ ಜೋತ ಉಕ್ಕಿನ ತಟ್ಟೆ.
ಮೊದಲ ಮೂರು ಮಣ್ಣಿಗೆ ಸಂದವು.
ನಾಲ್ಕನೆಯದಕ್ಕೆ
ಗುಡುಗು, ಕೈ ಮೇಲೆದ್ದು
ಅವಸರವಿಲ್ಲದೆ ಕೆಳಗಿಳಿಯಿತು,
ಆಮೇಲೆ ಏನೂ ಇಲ್ಲ,

ಆಮೇಲೆ ಠಣ್.

ಅವಸರದ ಗುಂಡುಗಳಿಗೆ ಇಷ್ಟು ಅಗಲದ ಸಂದು ಇರುವುದಿಲ್ಲ.
ಅದರೊಳಗೆ ನಾನು ಕಣ್ಣು ಬಿಟ್ಟುಕೊಂಡೇ ನಿಂತಿದ್ದೆ.

ಪಕ್ಕದಲ್ಲಿ ಮಾರ್ವೆಲ್ ಟಿಬ್ಬಿಟ್ಸ್,
ಮೂವತ್ತು ವರ್ಷ ಗಣಿಯಲ್ಲಿ ಬಂಡೆ ಸಿಡಿಸಿದವನು.
ಗುಡುಗು ಎದೆಗೆ ಕೇಳುತ್ತದೆ ಅವನಿಗೆ, ಠಣ್ ಕೇಳುವುದಿಲ್ಲ.
"ತಾಗಿತಾ?" ಎಂದು ಕೂಗಿದ.
ಕೋವಿ ಖಾಲಿ ಮಾಡಿ ಹಲಗೆಯ ಮೇಲಿಟ್ಟು,
ಅವನ ಮುಂಗೈ ಹಿಡಿದು ಬೆರಳಲ್ಲಿ ತಟ್ಟಿದೆ.
ಒಂದು.
ಸ್ವಲ್ಪ ತಡೆದು, ಇನ್ನೊಂದು.